ರೊಟ್ಟಿ, ಹಕ್ಕಿ, ಹೂವು: ‘ಹಂಗರ್ ಗೇಮ್ಸ್’ ಕಾದಂಬರಿಗಳಲ್ಲಿ ಸಂಕೇತಗಳು

ಕಾವ್ಯದ ಆತ್ಮ ಧ್ವನಿಯೆಂದು ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಸಾರಿದನು. ಮಾತು ನೇರವಾಗಿ ಹೇಳುವ ಅರ್ಥ ಒಂದು. ಅದರ ಬೆನ್ನಿಗೆ ನಿಂತು ಸಹೃದಯನಿಗೆ ಕೇಳಿಸುವ ಅರ್ಥ ಮತ್ತೊಂದು. ಪಾಶ್ಚಾತ್ಯ ವಿಮರ್ಶಕರು ಸಂಕೇತವೆಂದು ಕರೆಯುವುದು ಇದಕ್ಕೆ ತೀರ ದೂರದ್ದಲ್ಲ. ಒಂದು ಹೂವಾಗಲಿ, ಒಂದು ಹಕ್ಕಿಯಾಗಲಿ, ಒಂದು ತುಂಡು ರೊಟ್ಟಿಯಾಗಲಿ ಕಥೆಯಲ್ಲಿ ತನ್ನ ಪಾಡಿಗೆ ತಾನಿದ್ದೂ ತನಗಿಂತ ಹಿರಿದಾದ ಇನ್ನೊಂದನ್ನು ತೋರಿಸಿದರೆ ಅದು ಸಂಕೇತವಾಗುತ್ತದೆ. ಇಂಥವು ಮಹಾಕಾವ್ಯಗಳಲ್ಲಿ ಮಾತ್ರ ದೊರೆಯುವುವೆಂದು ನಾನು ಬಹುಕಾಲ ನಂಬಿದ್ದೆನು. ಐಚ್ಛಿಕ ಇಂಗ್ಲಿಷಿನ ವಿದ್ಯಾರ್ಥಿಯಾಗಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದ ಒಂದು ಕಾದಂಬರಿ ಆ ನಂಬಿಕೆಯನ್ನು ಅಲುಗಿಸಿತು. ಅದು ಎಳೆಯರಿಗಾಗಿ ಬರೆದ ಪುಸ್ತಕವೆಂದು ಹಲವರು ಬದಿಗಿಡುವರು. ಎಳೆಯರಿಗಾಗಿ ಬರೆದುದು ನಿಜ. ಆದರೆ ಅದರಲ್ಲಿರುವ ವಿಚಾರ ಎಳೆಯದಲ್ಲ. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಎಲ್ಲರೂ ಸುಖವಾಗಿರುವ ರಾಜ್ಯವನ್ನು ನಾವು ರಾಮರಾಜ್ಯವೆನ್ನುತ್ತೇವೆ. ಇಂಗ್ಲೆಂಡಿನ ಥಾಮಸ್ ಮೋರ್ ೧೫೧೬ರಲ್ಲಿ ಅಂಥದೊಂದು ನಾಡನ್ನು ಕಲ್ಪಿಸಿ ‘ಯುಟೋಪಿಯ’ ಎಂದು ಹೆಸರಿಟ್ಟನು. ಅದನ್ನು ತಲೆಕೆಳಗು ಮಾಡಿದ ರಾಜ್ಯದ ಚಿತ್ರವೇ ‘ಡಿಸ್ಟೋಪಿಯ’. ಜಾರ್ಜ್ ಆರ್ವೆಲ್ಲನ ‘೧೯೮೪’ (೧೯೪೯) ಇದಕ್ಕೆ ಪ್ರಸಿದ್ಧ ಉದಾಹರಣೆ. ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ ಇದೇ ಜಾತಿಯ ಮೂರು ಕಾದಂಬರಿಗಳನ್ನು ಬರೆದರು: ‘ದಿ ಹಂಗರ್ ಗೇಮ್ಸ್’ (೨೦೦೮), ‘ಕ್ಯಾಚಿಂಗ್ ಫೈರ್’ (೨೦೦೯), ‘ಮಾಕಿಂಗ್‌ಜೇ’ (೨೦೧೦). ಅನಂತರ ೨೦೨೦ ಮತ್ತು ೨೦೨೫ರಲ್ಲಿ ಹಿಂದಿನ ಕಾಲದ ಕಥೆ ಹೇಳುವ ಇನ್ನೆರಡು ಬಂದಿವೆ. ನಾನಿಲ್ಲಿ ಮೊದಲ ಮೂರನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಕಥೆಯ ಹಂದರ ಸರಳವಾದದ್ದು. ಉತ್ತರ ಅಮೆರಿಕ ಹಾಳಾದ ಮೇಲೆ ಅಲ್ಲಿ ‘ಪ್ಯಾನೆಮ್’ ಎಂಬ ರಾಜ್ಯ ಹುಟ್ಟಿದೆ. ನಡುವೆ ಐಶ್ವರ್ಯದಿಂದ ಮೆರೆಯುವ ‘ಕ್ಯಾಪಿಟಲ್’ ಎಂಬ ರಾಜಧಾನಿ. ಅದಕ್ಕೆ ಅಡಿಯಾಳಾಗಿ ದುಡಿಯುವ ಹನ್ನೆರಡು ಜಿಲ್ಲೆಗಳು. ಹಿಂದೆ ಜಿಲ್ಲೆಗಳು ದಂಗೆಯೆದ್ದು ಸೋತವು. ಆ ಅಪರಾಧಕ್ಕೆ ದಂಡವಾಗಿ ಪ್ರತಿವರ್ಷ ಪ್ರತಿಯೊಂದು ಜಿಲ್ಲೆಯೂ ಹನ್ನೆರಡರಿಂದ ಹದಿನೆಂಟು ವಯಸ್ಸಿನೊಳಗಿನ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಒಪ್ಪಿಸಬೇಕು. ಈ ಇಪ್ಪತ್ತನಾಲ್ಕು ಮಕ್ಕಳನ್ನು ಒಂದು ರಂಗಸ್ಥಳಕ್ಕೆ ಬಿಡುತ್ತಾರೆ. ಒಬ್ಬರು ಉಳಿಯುವತನಕ ಅವರು ಒಬ್ಬರನ್ನೊಬ್ಬರು ಕೊಲ್ಲಬೇಕು. ಅದನ್ನು ನಾಡಿಗೆ ನಾಡೇ ಟೆಲಿವಿಷನ್ನಿನಲ್ಲಿ ನೋಡಬೇಕು. ಎಪ್ಪತ್ತನಾಲ್ಕನೆಯ ಆಟಕ್ಕೆ ಹನ್ನೆರಡು ವರ್ಷದ ಪ್ರಿಮ್ ಎಂಬ ಹುಡುಗಿಯ ಚೀಟಿ ಏಳುತ್ತದೆ. ಆಕೆಯ ಬದಲಿಗೆ ಹದಿನಾರರ ಅಕ್ಕ ಕ್ಯಾಟ್ನಿಸ್ ತಾನೇ ಮುಂದೆ ಬರುತ್ತಾಳೆ.

ಇದನ್ನು ಓದಿದಾಗ ನಮಗೆ ಏಕಚಕ್ರಪುರದ ಬಕಾಸುರನ ನೆನಪಾಗದಿರದು. ಅಲ್ಲಿಯೂ ಸರದಿ, ಅಲ್ಲಿಯೂ ಬಂಡಿ ಅನ್ನದೊಡನೆ ಮನೆಗೊಬ್ಬ ಮನುಷ್ಯ, ಅಲ್ಲಿಯೂ ಒಬ್ಬರ ಬದಲಿಗೆ ಇನ್ನೊಬ್ಬರು ಹೋಗುವ ಮಾತು. ಲೇಖಕಿಗೆ ಪ್ರೇರಣೆ ಬಂದದ್ದು ಗ್ರೀಕರ ಥೀಸಿಯಸನ ಕಥೆಯಿಂದ. ಸೋತ ಅಥೆನ್ಸ್ ನಗರ ಏಳು ಮಂದಿ ಯುವಕರನ್ನೂ ಏಳು ಮಂದಿ ಯುವತಿಯರನ್ನೂ ಕ್ರೀಟ್ ದ್ವೀಪದ ಗೂಳಿತಲೆಯ ರಾಕ್ಷಸನಿಗೆ ಕಳುಹಬೇಕಾಗಿದ್ದ ಕಥೆಯದು. ಜೊತೆಗೆ, ಒಂದು ರಾತ್ರಿ ಟೆಲಿವಿಷನ್ನಿನಲ್ಲಿ ಸ್ಪರ್ಧೆಯ ಕಾರ್ಯಕ್ರಮಗಳನ್ನೂ ಇರಾಕಿನ ಯುದ್ಧದ ದೃಶ್ಯಗಳನ್ನೂ ಒಂದಾದಮೇಲೊಂದರಂತೆ ನೋಡುತ್ತಿರುವಾಗ ಎರಡೂ ತಮ್ಮ ಮನಸ್ಸಿನಲ್ಲಿ ಬೆರೆತವೆಂದು ಅವರು ಹೇಳಿಕೊಂಡಿದ್ದಾರೆ. ಬಕಾಸುರನಿಗೂ ಕ್ಯಾಪಿಟಲಿಗೂ ವ್ಯತ್ಯಾಸ ಇಲ್ಲಿಯೇ ಇದೆ. ಬಕನು ಹಸಿವಿಗಾಗಿ ತಿಂದನು. ಕ್ಯಾಪಿಟಲು ನೋಟಕ್ಕಾಗಿ, ಪಾಠ ಕಲಿಸುವುದಕ್ಕಾಗಿ ತಿನ್ನುತ್ತದೆ.

ಈಗ ಸಂಕೇತಗಳಿಗೆ ಬರೋಣ. ಮೊದಲನೆಯದು ರಾಜ್ಯದ ಹೆಸರೇ. ಪ್ಯಾನೆಮ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ರೊಟ್ಟಿ. ರೋಮಿನ ವಿಡಂಬನಕವಿ ಜುವೆನಲ್ ತನ್ನ ಕಾಲದ ಜನ ಅಧಿಕಾರವನ್ನೆಲ್ಲ ಬಿಟ್ಟುಕೊಟ್ಟು ರೊಟ್ಟಿ ಮತ್ತು ಕ್ರೀಡೆ ಎರಡನ್ನೇ ಬೇಡುತ್ತಿದ್ದಾರೆಂದು ಹಳಿದನು. ಹೊಟ್ಟೆ ತುಂಬಿಸಿ, ಕಣ್ಣಿಗೆ ಮೋಜು ತೋರಿಸಿದರೆ ಪ್ರಜೆಗಳು ಪ್ರಶ್ನೆ ಕೇಳುವುದನ್ನು ಮರೆಯುವರೆಂಬುದು ಇದರ ತಾತ್ಪರ್ಯ. ಕ್ಯಾಪಿಟಲಿನ ಜನರಿಗೆ ಸೀಸರ್, ಸೆನೆಕ, ಪ್ಲುಟಾರ್ಕ್, ಸಿನ್ನ ಎಂದು ಪ್ರಾಚೀನ ಕಾಲದ ಹೆಸರುಗಳನ್ನೇ ಇಟ್ಟಿರುವುದು ಆಕಸ್ಮಿಕವಲ್ಲ. ಕ್ಯಾಪಿಟಲಿನವರಿಗೆ ರೊಟ್ಟಿಯೂ ಉಂಟು, ಕ್ರೀಡೆಯೂ ಉಂಟು. ಜಿಲ್ಲೆಯವರಿಗೆ ರೊಟ್ಟಿಯಿಲ್ಲ, ಕ್ರೀಡೆಯಲ್ಲಿ ಸಾಯುವವರು ಮಾತ್ರ ಅವರ ಮಕ್ಕಳೇ. ಆಟಕ್ಕೆ ಮಕ್ಕಳನ್ನು ಆರಿಸುವ ದಿನಕ್ಕೆ ‘ಕೊಯ್ಲು’ ಎಂಬರ್ಥದ ಹೆಸರು. ಆರಿಸಲ್ಪಟ್ಟವರಿಗೆ ‘ಕಪ್ಪ’ ಎಂಬರ್ಥದ ಹೆಸರು. ಪೈರನ್ನು ಕೊಯ್ದಂತೆ ಮಕ್ಕಳನ್ನು ಕೊಯ್ದು ಗೆದ್ದ ದೊರೆಗೆ ಕಪ್ಪವಾಗಿ ಸಲ್ಲಿಸುವುದು! ಕ್ರೌರ್ಯಕ್ಕೆ ಹಬ್ಬದ ಹೆಸರಿಡುವುದು ನಿರಂಕುಶ ಪ್ರಭುತ್ವದ ಹಳೆಯ ಜಾಣತನ.

ಎರಡನೆಯ ಸಂಕೇತ ಒಂದು ಲೆಕ್ಕ. ಲೆಕ್ಕವೂ ಸಂಕೇತವಾಗಬಲ್ಲುದೇ ಎಂದು ವಾಚಕರು ಕೇಳಬಹುದು. ಹನ್ನೆರಡನೆಯ ವಯಸ್ಸಿಗೆ ಪ್ರತಿ ಮಗುವಿನ ಹೆಸರೂ ಒಂದು ಚೀಟಿಯಲ್ಲಿ ಸೇರುತ್ತದೆ. ವರ್ಷಕ್ಕೊಂದರಂತೆ ಏರಿ ಹದಿನೆಂಟಕ್ಕೆ ಏಳು ಚೀಟಿಯಾಗುತ್ತದೆ. ಇಷ್ಟಾದರೆ ಎಲ್ಲರಿಗೂ ಸಮ. ಆದರೆ ಹಸಿದ ಮನೆಯ ಮಗು ತನ್ನ ಹೆಸರಿನ ಹೆಚ್ಚಿನ ಚೀಟಿಯೊಂದನ್ನು ಹಾಕಿಸಿದರೆ ಒಬ್ಬರಿಗೆ ಒಂದು ವರ್ಷಕ್ಕಾಗುವ ಅಲ್ಪಸ್ವಲ್ಪ ಧಾನ್ಯವನ್ನೂ ಎಣ್ಣೆಯನ್ನೂ ಪಡೆಯಬಹುದು. ಇದಕ್ಕೆ ‘ಟೆಸೆರ’ ಎಂದು ಹೆಸರು. ಮನೆಯಲ್ಲಿರುವ ಪ್ರತಿಯೊಬ್ಬರ ಪಾಲಿಗೂ ಹೀಗೆ ಮಾಡಬಹುದು. ಹಳೆಯ ಚೀಟಿಗಳು ತೆಗೆಯಲ್ಪಡುವುದಿಲ್ಲ. ವರ್ಷ ವರ್ಷವೂ ಕೂಡುತ್ತ ಹೋಗುತ್ತವೆ. ಕ್ಯಾಟ್ನಿಸಳ ತಂದೆ ಗಣಿಯ ಸ್ಫೋಟದಲ್ಲಿ ಸತ್ತಿದ್ದಾನೆ. ತನಗೆ, ತಾಯಿಗೆ, ತಂಗಿಗೆ ಎಂದು ಆಕೆ ಐದು ವರ್ಷ ಮೂರು ಮೂರು ಚೀಟಿ ಹಾಕಿಸಿದ್ದಾಳೆ. ವಯಸ್ಸಿನ ಲೆಕ್ಕದ ಐದು, ಹಸಿವಿನ ಲೆಕ್ಕದ ಹದಿನೈದು, ಒಟ್ಟು ಇಪ್ಪತ್ತು. ಆಕೆಯ ಗೆಳೆಯ ಗೇಲನ ಮನೆಯಲ್ಲಿ ಐದು ಜನ, ಅವನಿಗೆ ಹದಿನೆಂಟು. ಅವನ ಚೀಟಿಗಳು ನಲವತ್ತೆರಡು. ಊರಿನ ಮೇಯರನ ಮಗಳು ಮ್ಯಾಜ್‌ಗೆ ವಯಸ್ಸಿನ ಚೀಟಿಗಳಲ್ಲದೆ ಬೇರೆ ಇರಬೇಕಾದ ಕಾರಣವೇ ಇಲ್ಲ.

ನಾನು ಈ ಭಾಗವನ್ನು ಮೊದಲು ಓದಿದಾಗ ಕಥೆಯ ವಿವರವೆಂದು ದಾಟಿ ಹೋದೆನು. ರಜೆಯಲ್ಲಿ ಊರಿಗೆ ಹೋದಾಗ ಒಂದು ರಾತ್ರಿ ಅವ್ವನಿಗೆ ಕಥೆಯನ್ನು ಹೇಳುತ್ತಿದ್ದೆ. ಅವ್ವನಿಗೆ ಓದುಬರಹ ಬಾರದು. ಒಲೆಯ ಮುಂದೆ ಕುಳಿತು ಹೂಂಗುಟ್ಟುತ್ತಿದ್ದವಳು ಚೀಟಿಯ ಮಾತು ಬಂದಾಗ ಕೈ ನಿಲ್ಲಿಸಿ, “ಹಂಗಾದ್ರೆ ಉಣ್ಣಾಕಿಲ್ಲದೋರ ಮಕ್ಕಳ ಚೀಟೀನೇ ಅದ್ರಲ್ಲಿ ಜಾಸ್ತಿ ಇರ್ತಾವೆ. ಇದೆಂಥಾ ಸರದಿ ಮಗಾ? ಮೊದ್ಲೇ ಬರೆದಿಟ್ಟಂಗಾಯ್ತಲ್ಲ” ಎಂದಳು. ನಾನು ಎರಡು ಸಲ ಓದಿಯೂ ಕಾಣದುದು ಅವಳಿಗೆ ಒಂದೇ ಸಲ ಕೇಳಿ ಕಂಡಿತು. ಪಡಿತರದ ಸಾಲಿನಲ್ಲಿ ಎಷ್ಟೋ ವರ್ಷ ನಿಂತವಳು ಅವಳು. ಅವಳ ಸೀರೆಯ ಸೆರಗು ಹಿಡಿದು ನಿಂತಿದ್ದವನು ನಾನು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಪಡಿತರಕ್ಕೂ ಪ್ಯಾನೆಮಿನ ಟೆಸೆರಕ್ಕೂ ಹೋಲಿಕೆ ಮಾಡುವುದು ನನ್ನ ಅಭಿಪ್ರಾಯವಲ್ಲ. ನಮ್ಮಲ್ಲಿ ಅದು ೨೦೧೩ರ ಆಹಾರ ಭದ್ರತಾ ಕಾಯ್ದೆಯಿಂದ ಹಕ್ಕೆನಿಸಿದೆ. ಅಕ್ಕಿಗೆ ಪ್ರತಿಯಾಗಿ ಯಾರೂ ನಮ್ಮ ಹೆಸರನ್ನು ಒತ್ತೆಯಿಟ್ಟುಕೊಳ್ಳುವುದಿಲ್ಲ. ಹಕ್ಕಾಗಿ ಬರುವ ಅನ್ನಕ್ಕೂ ಒತ್ತೆಯಾಗಿ ಬರುವ ಅನ್ನಕ್ಕೂ ಇರುವ ಅಂತರವನ್ನೇ ಕಾದಂಬರಿ ತೋರಿಸುತ್ತದೆ. ಮೇಲ್ನೋಟಕ್ಕೆ ಚೀಟಿ ಎತ್ತುವುದಕ್ಕಿಂತ ನ್ಯಾಯವಾದುದು ಯಾವುದಿದೆ? ಗಾಜಿನ ಬೋಗುಣಿ, ಕಣ್ಣಿಗೆ ಕಾಣುವ ಚೀಟಿಗಳು, ಎಲ್ಲರ ಎದುರಿಗೆ ಎತ್ತುವ ಕೈ. ಅನ್ಯಾಯವಿರುವುದು ಎತ್ತುವ ಕೈಯಲ್ಲಲ್ಲ, ಬೋಗುಣಿಯಲ್ಲಿ ಚೀಟಿ ತುಂಬಿದ ಬಗೆಯಲ್ಲಿ. ಸೋತವನು ತನ್ನ ಹಣೆಬರಹವೆಂದುಕೊಳ್ಳುತ್ತಾನೆ. ಅದಕ್ಕಿಂತ ಕೆಟ್ಟದ್ದೆಂದರೆ, ಗೇಲನಂಥ ಬಡವ ಮ್ಯಾಜ್‌ಳಂಥ ನಿರಪರಾಧಿಯ ಮೇಲೆ ಸಿಟ್ಟಾಗುತ್ತಾನೆ. ಬೋಗುಣಿ ಇಟ್ಟವರು ಸುರಕ್ಷಿತರಾಗಿ ಉಳಿಯುತ್ತಾರೆ.

ರೊಟ್ಟಿ ಪ್ರಭುತ್ವದ ಕೈಯಲ್ಲಿ ಒತ್ತೆಯಾದರೆ ಮನುಷ್ಯರ ಕೈಯಲ್ಲಿ ಬೇರೆಯೇ ಆಗುತ್ತದೆ. ತಂದೆ ಸತ್ತ ಕೆಲವೇ ತಿಂಗಳಲ್ಲಿ ಹನ್ನೊಂದು ವರ್ಷದ ಕ್ಯಾಟ್ನಿಸ್ ಹಸಿದು ಮಳೆಯಲ್ಲಿ ರೊಟ್ಟಿ ಸುಡುವವನ ಮನೆಯ ಹಿಂದೆ ಕುಸಿದಿರುತ್ತಾಳೆ. ಆ ಮನೆಯ ಹುಡುಗ ಪೀಟ ಬೇಕೆಂದೇ ಎರಡು ರೊಟ್ಟಿಗಳನ್ನು ಬೆಂಕಿಗೆ ಬೀಳಿಸಿ, ತಾಯಿಯ ಕೈಲಿ ಏಟು ತಿಂದು, ಹಂದಿಗೆ ಹಾಕುವ ನೆಪದಲ್ಲಿ ಅವನ್ನು ಇವಳ ಕಡೆಗೆಸೆಯುತ್ತಾನೆ. ಮರುದಿನ ಶಾಲೆಯ ಅಂಗಳದಲ್ಲಿ ಆಕೆಗೆ ವಸಂತದ ಮೊದಲ ಡ್ಯಾಂಡೆಲಿಯನ್ ಹೂ ಕಾಣುತ್ತದೆ. ಅದು ತಿನ್ನಬಹುದಾದ ಕಾಡುಸೊಪ್ಪಿನ ಹೂ. ತಂದೆ ಕಲಿಸಿದ್ದ ಕಾಡಿನ ವಿದ್ಯೆ ನೆನಪಾಗಿ, ಇನ್ನು ತಾವು ಸಾಯುವುದಿಲ್ಲವೆಂಬ ಧೈರ್ಯ ಬರುತ್ತದೆ. ಕ್ಯಾಟ್ನಿಸ್ ಎಂಬ ಹೆಸರೂ ಒಂದು ಜಲಸಸ್ಯದ್ದೇ. ಅದರ ಗೆಡ್ಡೆಯನ್ನು ತಿನ್ನಬಹುದು. ಅದರ ಎಲೆ ಬಾಣದ ಮೊನೆಯಂತಿರುತ್ತದೆ. ಅನ್ನ ಮತ್ತು ಬಾಣ, ನಾಯಕಿಯ ಎರಡು ಗುಣಗಳೂ ಒಂದು ಹೆಸರಿನಲ್ಲಿ ಅಡಗಿವೆ. ಮುಂದೆ ರಂಗಸ್ಥಳದಲ್ಲಿ ಹನ್ನೊಂದನೆಯ ಜಿಲ್ಲೆಯ ರೂ ಎಂಬ ಪುಟ್ಟ ಹುಡುಗಿ ಸತ್ತಾಗ ಕ್ಯಾಟ್ನಿಸ್ ಆ ದೇಹವನ್ನು ಹೂಗಳಿಂದ ಸಿಂಗರಿಸುತ್ತಾಳೆ. ಆ ಬಡ ಜಿಲ್ಲೆಯ ಜನ ಈಕೆಗೆ ಒಂದು ರೊಟ್ಟಿಯನ್ನು ಕಳುಹುತ್ತಾರೆ. ತಮ್ಮ ಹುಡುಗಿಯನ್ನು ಮನುಷ್ಯಳೆಂದು ಕಂಡವಳಿಗೆ ಪರ ಜಿಲ್ಲೆಯವರು ಕೊಟ್ಟ ಕೃತಜ್ಞತೆ ಅದು. ಜಿಲ್ಲೆ ಜಿಲ್ಲೆಗಳ ನಡುವೆ ಹಗೆ ಬಿತ್ತಲೆಂದೇ ಇಟ್ಟ ಆಟದಲ್ಲಿ ಈ ಒಂದು ರೊಟ್ಟಿ ಮೊದಲ ಬಿರುಕು.

ಇನ್ನು ಹಕ್ಕಿ. ದಂಗೆಯ ಕಾಲದಲ್ಲಿ ಕ್ಯಾಪಿಟಲಿನವರು ‘ಜ್ಯಾಬರ್‌ಜೇ’ ಎಂಬ ಹಕ್ಕಿಗಳನ್ನು ಪ್ರಯೋಗಶಾಲೆಯಲ್ಲಿ ಸೃಷ್ಟಿಸಿದರು. ಅವು ಗಂಡುಹಕ್ಕಿಗಳು, ಮನುಷ್ಯರ ಮಾತನ್ನು ಕೇಳಿ ಹಾಗೆಯೇ ಬಂದೊಪ್ಪಿಸುವ ಗೂಢಚಾರರು. ಇದು ತಿಳಿದ ದಂಗೆಕೋರರು ಅವುಗಳ ಮುಂದೆ ಸುಳ್ಳುಗಳನ್ನೇ ಆಡಿದರು. ಉಪಾಯ ಕೆಟ್ಟಿತೆಂದು ಕ್ಯಾಪಿಟಲು ಹಕ್ಕಿಗಳನ್ನು ಸಾಯಲು ಕಾಡಿಗೆ ಬಿಟ್ಟಿತು. ಅವು ಸಾಯಲಿಲ್ಲ. ಕಾಡಿನ ‘ಮಾಕಿಂಗ್‌ಬರ್ಡ್’ ಹೆಣ್ಣುಗಳೊಡನೆ ಕೂಡಿ ‘ಮಾಕಿಂಗ್‌ಜೇ’ ಎಂಬ ಹೊಸ ಜಾತಿ ಹುಟ್ಟಿತು. ಈ ಹಕ್ಕಿಗೆ ಮಾತನ್ನೊಪ್ಪಿಸುವ ಶಕ್ತಿ ಹೋಗಿ ಹಾಡನ್ನು ಹಾಡುವ ಶಕ್ತಿ ಉಳಿಯಿತು. ಚಾಡಿ ಹೇಳಲು ಹುಟ್ಟಿಸಿದ್ದು ಸಂಗೀತಗಾರನಾಯಿತು! ಪ್ರಭುತ್ವ ತಾನು ಮಾಡಿದ ಉಪಕರಣ ಕೊನೆಯವರೆಗೂ ತನ್ನದೇ ಎಂದು ಭಾವಿಸುತ್ತದೆ. ಜೀವವಿರುವ ಉಪಕರಣ ಒಂದು ದಿನ ತನ್ನ ದಾರಿ ಹಿಡಿಯುತ್ತದೆ. ಕ್ಯಾಟ್ನಿಸ್ ರಂಗಸ್ಥಳಕ್ಕೆ ಹೋಗುವಾಗ ಎದೆಯ ಮೇಲೆ ಧರಿಸುವುದು ಈ ಹಕ್ಕಿಯ ಚಿನ್ನದ ಪದಕವನ್ನೇ; ಅದನ್ನು ಕೊಟ್ಟವಳು ಮೇಯರನ ಮಗಳು ಮ್ಯಾಜ್. ಐದು ಚೀಟಿಯವಳು ಇಪ್ಪತ್ತು ಚೀಟಿಯವಳಿಗೆ ಕೊಟ್ಟ ಕಾಣಿಕೆಯೆಂಬುದನ್ನು ಗಮನಿಸಿದರೆ ಅದರ ಸ್ವಾರಸ್ಯ ಇಮ್ಮಡಿಯಾಗುತ್ತದೆ.

ಬೆಂಕಿಯೂ ಹೀಗೆಯೇ. ಹನ್ನೆರಡನೆಯ ಜಿಲ್ಲೆ ಕಲ್ಲಿದ್ದಲಿನದು. ಅಲ್ಲಿಯ ಮಕ್ಕಳನ್ನು ಗಣಿಕೆಲಸದವರ ಉಡುಪಿನಲ್ಲಿ ಮೆರವಣಿಗೆ ಮಾಡಿಸುವುದು ವಾಡಿಕೆ. ಸಿನ್ನ ಎಂಬ ವಸ್ತ್ರವಿನ್ಯಾಸಕ, ಕಲ್ಲಿದ್ದಲೆಂದರೆ ಮಸಿಯಲ್ಲ, ಉರಿಯೆಂದು ತಿಳಿದು, ಅವರ ಉಡುಪಿನ ಮೇಲೆ ಕೃತಕ ಜ್ವಾಲೆಯನ್ನು ಹೊತ್ತಿಸುತ್ತಾನೆ. ತುಳಿಯಲ್ಪಟ್ಟವರಲ್ಲಿ ಮಸಿಯನ್ನು ಕಾಣುವುದೂ ಕಿಡಿಯನ್ನು ಕಾಣುವುದೂ ನೋಡುವ ಕಣ್ಣಿಗೆ ಬಿಟ್ಟದ್ದು. ಕೊನೆಗೆ ಕ್ಯಾಟ್ನಿಸ್ ಮತ್ತು ಪೀಟ ಇಬ್ಬರೇ ಉಳಿದು, ಒಬ್ಬರನ್ನೊಬ್ಬರು ಕೊಲ್ಲಬೇಕೆಂದಾದಾಗ, ಇಬ್ಬರೂ ವಿಷದ ಹಣ್ಣುಗಳನ್ನು ಬಾಯಿಗಿಡಲು ಸಿದ್ಧರಾಗುತ್ತಾರೆ. ಗೆದ್ದವರೇ ಇಲ್ಲದ ಆಟದಿಂದ ಕ್ಯಾಪಿಟಲಿಗೆ ಪ್ರಯೋಜನವೇನು? ಗಾಬರಿಗೊಂಡು ಇಬ್ಬರನ್ನೂ ಉಳಿಸುತ್ತದೆ. ಇಡೀ ಸೈನ್ಯವುಳ್ಳ ಸರ್ಕಾರ ಒಂದು ಹಿಡಿ ಹಣ್ಣಿಗೆ ಹೆದರಿತು. ಪ್ರಜೆಯ ಒಪ್ಪಿಗೆಯಿಲ್ಲದೆ ಆಟ ನಡೆಯದೆಂಬ ರಹಸ್ಯ ಅಂದು ಬಯಲಾಯಿತು.

ಇಲ್ಲಿಗೆ ನಿಂತಿದ್ದರೆ ಇದು ಒಳ್ಳೆಯವರು ಗೆದ್ದ ಕಥೆಯಾಗುತ್ತಿತ್ತು. ಮೂರನೆಯ ಸಂಪುಟದಲ್ಲಿ ಲೇಖಕಿ ತಮ್ಮ ಸಂಕೇತಗಳನ್ನು ತಾವೇ ಪರೀಕ್ಷೆಗೊಡ್ಡುತ್ತಾರೆ. ಅಧ್ಯಕ್ಷ ಸ್ನೋ ಎದೆಯ ಮೇಲೆ ಬಿಳಿಯ ಗುಲಾಬಿ ಧರಿಸುವನು. ಶತ್ರುಗಳಿಗೆ ವಿಷವಿಕ್ಕುವಾಗ ಸಂಶಯ ಬಾರದಂತೆ ತಾನೂ ಅದನ್ನು ಕುಡಿದು ಅವನ ಬಾಯಿ ಹುಣ್ಣಾಗಿದೆ. ರಕ್ತದ ವಾಸನೆಯನ್ನು ಮುಚ್ಚಲು ಗುಲಾಬಿಯ ಕಂಪು ಬೇಕು. ದಬ್ಬಾಳಿಕೆ ಹೀಗೆ ಪರಿಮಳ ಪೂಸಿಕೊಂಡು ಬರುವುದು ನಮಗೆ ಅರ್ಥವಾಗುತ್ತದೆ. ಆದರೆ ಬೆಳ್ಳಿಯ ಪ್ಯಾರಾಚೂಟುಗಳ ಮಾತೇನು? ಮೊದಲ ಪುಸ್ತಕದಲ್ಲಿ ಅವು ರಂಗಸ್ಥಳದ ಮಕ್ಕಳಿಗೆ ಔಷಧಿಯನ್ನೂ ಆಹಾರವನ್ನೂ ತಂದವು. ಕೊನೆಯಲ್ಲಿ ಅವೇ ಪ್ಯಾರಾಚೂಟುಗಳು ಕ್ಯಾಪಿಟಲಿನ ಮಕ್ಕಳ ಮೇಲೆ ಇಳಿಯುತ್ತವೆ. ಮಕ್ಕಳು ಕಾಣಿಕೆಯೆಂದು ಕೈಚಾಚಿದಾಗ ಸಿಡಿಯುತ್ತವೆ. ಶುಶ್ರೂಷೆಗೆ ಓಡಿಬಂದವರ ಮೇಲೆ ಎರಡನೆಯ ಸ್ಫೋಟ. ಅದರಲ್ಲಿ ಪ್ರಿಮ್ ಸಾಯುತ್ತಾಳೆ. ಯಾವ ತಂಗಿಗಾಗಿ ಕಥೆ ಮೊದಲಾಯಿತೋ ಆ ತಂಗಿಯೇ! ಇದು ಕ್ರಾಂತಿಕಾರರ ನಾಯಕಿ ಕಾಯಿನಳ ಕೆಲಸವಿರಬಹುದೆಂಬ ಸಂಶಯ ಬಲವಾಗುತ್ತದೆ. ಗೆದ್ದ ಮೇಲೆ ಕ್ಯಾಪಿಟಲಿನ ಮಕ್ಕಳನ್ನೇ ಹಾಕಿಕೊಂಡು ಕೊನೆಯದಾಗಿ ಒಂದು ಆಟವಾಡಿಸೋಣವೆಂದು ಆಕೆಯೇ ಸೂಚಿಸುತ್ತಾಳೆ. ಕಾಯಿನ್ ಎಂದರೆ ನಾಣ್ಯ. ನಾಣ್ಯದ ಇನ್ನೊಂದು ಮುಖವೇ ಈಕೆಯೆಂದು ನಾನು ಈ ಹೆಸರನ್ನು ಅರ್ಥಮಾಡಿಕೊಂಡಿದ್ದೇನೆ. ಸ್ನೋವನ್ನು ಕೊಲ್ಲಲು ಕೊಟ್ಟ ಬಾಣವನ್ನು ಕ್ಯಾಟ್ನಿಸ್ ಕಾಯಿನಳ ಮೇಲೆ ಬಿಡುತ್ತಾಳೆ. ಅವಳು ದೊರೆಯೊಬ್ಬನ ವಿರುದ್ಧ ಹೋರಾಡಲಿಲ್ಲ. ಆಟದ ವಿರುದ್ಧವೇ ಹೋರಾಡಿದಳು.

ಸಂಕೇತ ಪುಸ್ತಕದಲ್ಲಿಯೇ ಉಳಿಯಬೇಕೆಂದಿಲ್ಲ. ಎಡಗೈಯ ನಡುವಿನ ಮೂರು ಬೆರಳುಗಳನ್ನು ತುಟಿಗೆ ಮುಟ್ಟಿಸಿ ಮುಂದಕ್ಕೆ ಚಾಚುವುದು ಹನ್ನೆರಡನೆಯ ಜಿಲ್ಲೆಯ ಹಳೆಯ ಪದ್ಧತಿ. ಅದು ಕೃತಜ್ಞತೆ, ಮೆಚ್ಚುಗೆ ಮತ್ತು ಪ್ರೀತಿಪಾತ್ರರಿಗೆ ವಿದಾಯವನ್ನು ಸೂಚಿಸುತ್ತದೆ. ೨೦೧೪ರ ಮೇ ೨೨ರಂದು ಥಾಯ್‌ಲೆಂಡಿನಲ್ಲಿ ಸೈನ್ಯವು ಅಧಿಕಾರವನ್ನು ಕಿತ್ತುಕೊಂಡಿತು. ಸಭೆ ಸೇರುವುದು ನಿಷಿದ್ಧವಾದಾಗ ಅಲ್ಲಿಯ ತರುಣರು ಈ ಮೂರು ಬೆರಳನ್ನು ಎತ್ತಿದರು. ಅದೇ ನವೆಂಬರಿನಲ್ಲಿ ಖೋನ್ ಕೇನ್ ವಿಶ್ವವಿದ್ಯಾಲಯದ ಐವರು ವಿದ್ಯಾರ್ಥಿಗಳು ಪ್ರಧಾನಿ ಪ್ರಯುತ್ ಚಾನ್‌ಓಚಾ ಭಾಷಣ ಮಾಡುತ್ತಿರುವಾಗ ಎದುರಿಗೇ ನಿಂತು ಬೆರಳೆತ್ತಿ ಬಂಧಿತರಾದರು. ೨೦೨೦ರಲ್ಲಿ ಮತ್ತೆ ಸಾವಿರಾರು ಕೈಗಳು ಎದ್ದವು. ೨೦೨೧ರ ಫೆಬ್ರವರಿ ೧ರಂದು ಮ್ಯಾನ್ಮಾರಿನಲ್ಲಿ ಸೈನಿಕ ಕ್ರಾಂತಿಯಾದಾಗ ಅಲ್ಲಿಯ ವೈದ್ಯರೂ ದಾದಿಯರೂ ಇದನ್ನೇ ಎತ್ತಿಕೊಂಡರು; ಆ ತಿಂಗಳ ೨೬ರಂದು ವಿಶ್ವಸಂಸ್ಥೆಯಲ್ಲಿ ಆ ದೇಶದ ರಾಯಭಾರಿ ಕ್ಯಾವ್ ಮೋ ತುನ್ ತಮ್ಮ ಭಾಷಣದ ಕೊನೆಗೆ ಮೂರು ಬೆರಳೆತ್ತಿದರು. ಎಳೆಯರ ಪುಸ್ತಕದ ಒಂದು ಸನ್ನೆಗೆ ಹೆದರಿ ಸರ್ಕಾರವೊಂದು ವಿದ್ಯಾರ್ಥಿಗಳನ್ನು ಹಿಡಿಸಿತೆಂದ ಮೇಲೆ ಸಾಹಿತ್ಯ ಕಾಲಕ್ಷೇಪವೆಂದು ಹೇಳುವುದು ಹೇಗೆ?

ಹೀಗೆಂದು ಈ ಕೃತಿಗಳಲ್ಲಿ ದೋಷವಿಲ್ಲವೆಂದಲ್ಲ. ಕ್ಯಾಟ್ನಿಸಳನ್ನು ಒಲಿದ ಇಬ್ಬರ ಕಥೆ ಕೆಲವೆಡೆ ಬೇಕಾದುದಕ್ಕಿಂತ ಹೆಚ್ಚು ಎಳೆಯಲ್ಪಟ್ಟಿದೆ. ಇನ್ನೊಂದು ವಿಪರ್ಯಾಸವೂ ಉಂಟು. ೨೦೧೨ರಿಂದ ಚಲನಚಿತ್ರಗಳು ಬಂದ ಮೇಲೆ ಕ್ಯಾಪಿಟಲಿನ ಹೆಸರಿನಲ್ಲಿ ಮುಖಾಲಂಕಾರದ ಸಾಮಗ್ರಿಗಳನ್ನೇ ಮಾರಿದರು. ಮಕ್ಕಳು ಸಾಯುವುದನ್ನು ಮೋಜಿಗಾಗಿ ನೋಡುವವರನ್ನು ಖಂಡಿಸಿದ ಕಥೆಯನ್ನು ನಾವು ಮೋಜಿಗಾಗಿ ನೋಡಿದೆವು! ಓದುವಾಗ ನಾವೆಲ್ಲ ನಮ್ಮನ್ನು ಕ್ಯಾಟ್ನಿಸಳ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇವೆ; ನೋಡುವವರ ಸಾಲಿನಲ್ಲಿ ನಾವೂ ಕುಳಿತಿರಬಹುದೆಂಬ ಎಚ್ಚರ ಇರಬೇಕು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದ ಮೊದಲಿಗನು ನಾನು. ಓದು ನನಗೆ ಬೇರೆಯವರಿಗೆ ಕಾಣದುದನ್ನು ಕಾಣಿಸುವುದೆಂದು ಹೆಮ್ಮೆಪಟ್ಟಿದ್ದೆ. ಈ ಪುಸ್ತಕದ ಮುಖ್ಯ ಸಂಕೇತವನ್ನು ನನಗೆ ಬಿಡಿಸಿ ಹೇಳಿದವಳು ಓದುಬಾರದ ನನ್ನವ್ವ. ಬರುವ ತಿಂಗಳು ಪರೀಕ್ಷೆ ಮುಗಿದು ನಾವೆಲ್ಲ ಒಂದೊಂದು ದಿಕ್ಕಿಗೆ ಹೋಗುತ್ತೇವೆ. ಕೆಲವರು ಕಛೇರಿಗಳಲ್ಲಿ ಕುಳಿತು ಇನ್ನೊಬ್ಬರ ಹೆಸರಿನ ಚೀಟಿಗಳನ್ನು ಬರೆಯುವವರೂ ಆಗಬಹುದು. ಆಗ ಯಾವ ಮನೆಯ ಹೆಸರು ಬೋಗುಣಿಯಲ್ಲಿ ಎಷ್ಟು ಸಲ ಬಿದ್ದಿದೆಯೆಂದು ಒಮ್ಮೆ ಎಣಿಸಿ ನೋಡುವಷ್ಟು ಈ ಓದು ನಮಗೆ ಉಳಿದರೆ ಸಾಕು.